ಬಸುರಿಯ ಹಲ್ಲಿನ ಕ್ಯಾಪ್ ಕಳಚಿದಾಗ

ಒಂದು ಭಾನುವಾರ ಬಲಿಪೂಜೆ ಮುಗಿಸಿ ತಾಳವಾಡಿ ಸೀಮೆಯ ಒಂದು ಮನೆಗೆ ಹೋಗಿದ್ದೆವು. ಆರು ತಿಂಗಳ ಗರ್ಭಿಣಿ ಸೊಸೆ ಬಾಯಿಗೆ ಸೆರಗು ಹಿಡಿದು ಕುಳಿತಿದ್ದಳು. ಕಡಲೆ ಮಿಠಾಯಿ ಕಚ್ಚುವಾಗ ದವಡೆ ಹಲ್ಲಿನ ಕ್ಯಾಪ್ ಕಳಚಿ ಬಂದಿತ್ತು. ಮದುವೆಗೆ ಮುಂಚೆ ರೂಟ್ ಕೆನಾಲ್ ಮಾಡಿಸಿ ಹಾಕಿಸಿದ್ದ ಕ್ಯಾಪ್ ಅದು. ಗಂಡ ಅಂಗಡಿಯಿಂದ ಫೆವಿಕ್ವಿಕ್ ತಂದು ಸಿದ್ಧನಾಗಿದ್ದ. ಅತ್ತೆಯವರದು ಒಂದೇ ಮಾತು: "ಹೆರಿಗೆ ಆಗೋವರ್ಗೂ ಹಲ್ಲಿಗೆ ಕೈ ಹಾಕುಸ್ಬಾರ್ದು ಸ್ವಾಮಿ, ಮಗೀಗೆ ತೊಂದ್ರೆ."

ನಾವು ವೈದ್ಯರಲ್ಲ. ಆದರೂ ಈ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿರುವುದರಿಂದ, ದಂತವೈದ್ಯರು ಹೇಳುವುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ, ಆ ಅಂಟನ್ನು ಬಾಯಿಗೆ ಹಾಕಲೇಬಾರದು. ಅದು ಒಸಡನ್ನು ಸುಡುತ್ತದೆ, ಕ್ಯಾಪನ್ನೂ ಕೆಡಿಸುತ್ತದೆ. ಕಳಚಿದ ಕ್ಯಾಪನ್ನು ತೊಳೆದು ಚಿಕ್ಕ ಡಬ್ಬಿಯಲ್ಲಿಡಿ. ವೈದ್ಯರು ಅದನ್ನೇ ಮತ್ತೆ ಕೂರಿಸಬಹುದು. ಅಲುಗಾಡುವ ಕ್ಯಾಪ್ ಇಟ್ಟುಕೊಂಡು ಮಲಗುವುದು ಅಪಾಯ, ನಿದ್ದೆಯಲ್ಲಿ ಶ್ವಾಸನಾಳಕ್ಕೆ ಇಳಿದೀತು. ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಮಲದಲ್ಲಿ ಹೋಗಿಬಿಡುತ್ತದೆ. ಆದರೆ ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರ ಇರುವುದಿಲ್ಲ. ಕ್ಯಾಪ್ ಬಿದ್ದರೂ ನೋವು ಕಾಣದು. ಮೋಸ ಇರುವುದೇ ಅಲ್ಲಿ. ಹೆರಿಗೆಗೆ ಮೂರು ತಿಂಗಳು, ಬಾಣಂತನಕ್ಕೆ ಮತ್ತೆ ಮೂರು ತಿಂಗಳು ಎಂದು ಕಾದರೆ ಒಳಗೊಳಗೇ ಹುಳುಕು ಹಿಡಿಯುತ್ತದೆ, ಪಕ್ಕದ ಹಲ್ಲು ವಾಲುತ್ತದೆ, ಹಳೆಯ ಕ್ಯಾಪ್ ಕೂರುವುದಿಲ್ಲ. ಹಲ್ಲೇ ಮುರಿದರೆ ಕೀಳಿಸುವುದೊಂದೇ ಉಳಿಯುತ್ತದೆ. ಆದ್ದರಿಂದ ನೋವಿಲ್ಲದಿದ್ದರೂ ಕೆಲವೇ ದಿನಗಳಲ್ಲಿ ತೋರಿಸಿಬಿಡಬೇಕು.

ಮಗುವಿಗೆ ತೊಂದರೆಯೆ? ಗರ್ಭಿಣಿಯರಿಗೆ ಅಗತ್ಯವಾದ ಹಲ್ಲಿನ ಚಿಕಿತ್ಸೆಯನ್ನು ಯಾವ ತಿಂಗಳಿನಲ್ಲಾದರೂ ಮಾಡಬಹುದು. ನಾಲ್ಕರಿಂದ ಆರನೇ ತಿಂಗಳು ಇನ್ನೂ ಅನುಕೂಲ. ಕ್ಯಾಪ್ ಅಂಟಿಸಲು ಎಷ್ಟೋ ಬಾರಿ ಇಂಜೆಕ್ಷನ್ ಕೂಡ ಬೇಡ. ಬೇಕಾದರೂ ಮರಗಟ್ಟಿಸುವ ಲಿಡೋಕೇನ್ ಮದ್ದನ್ನು ಗರ್ಭಿಣಿಯರಿಗೆ ಕೊಡಬಹುದು. ಹಲ್ಲಿನ ಎಕ್ಸ್‌ರೇಗೂ ಹೆದರಬೇಕಿಲ್ಲ. ಎಷ್ಟು ತಿಂಗಳು ಎಂಬುದನ್ನು ಮಾತ್ರ ಮೊದಲೇ ಹೇಳಿ, ತಾಯಿ ಕಾರ್ಡನ್ನು ತೋರಿಸಬೇಕು. ತಿಂಗಳು ತುಂಬಿದವರು ಕುರ್ಚಿಯಲ್ಲಿ ಅಂಗಾತ ಮಲಗದೆ ಎಡಕ್ಕೆ ಸ್ವಲ್ಪ ವಾಲಿಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ಮಾತ್ರ ಬೇಡವೇ ಬೇಡ. ಬ್ರೂಫೆನ್, ಡೈಕ್ಲೋಫೆನಾಕ್‌ನಂಥವು, ಅದರಲ್ಲೂ ಐದನೇ ತಿಂಗಳು ದಾಟಿದ ಮೇಲೆ, ಮಗುವಿಗೆ ಒಳ್ಳೆಯದಲ್ಲ. ನೋವಿದ್ದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್.

ಮಗು ತಾಯಿಯ ಹಲ್ಲಿನ ಸುಣ್ಣವನ್ನು ಎಳೆದುಕೊಳ್ಳುತ್ತದೆ ಎಂಬ ಮಾತೂ ಇದೆ. ಅದು ನಿಜವಲ್ಲ. ಬಸುರಿನಲ್ಲಿ ಒಸಡು ಊದಿ ರಕ್ತ ಬರುವುದು, ವಾಂತಿಯ ಹುಳಿ ಹಲ್ಲಿಗೆ ತಾಗುವುದು ನಿಜ. ವಾಂತಿಯಾದ ಕೂಡಲೇ ಬ್ರಷ್ ಮಾಡದೆ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಬೇಕು. (ಹಲ್ಲುನೋವಿನವರ ಪಾಲಕಿ ಸಂತ ಅಪೊಲೋನಿಯಾ, ಆಕೆಯ ಹಬ್ಬ ಫೆಬ್ರುವರಿ 9. ಆಕೆಯನ್ನು ಬೇಡಿಕೊಳ್ಳೋಣ, ಬ್ರಷ್ ಮಾಡುವುದನ್ನೂ ಬಿಡದಿರೋಣ.)

ನಮ್ಮ ಬೆಟ್ಟದವರ ಕಷ್ಟ ಬೇರೆಯೇ. ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಟ್ಟದ 27 ತಿರುವು. ವಾಂತಿ ಬರುವ ಬಸುರಿಗೆ ಅದು ಶಿಕ್ಷೆಯೇ ಸರಿ. 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿದೆ, ಆಂಬುಲೆನ್ಸ್‌ಗೆ ತಡೆಯಿಲ್ಲ. ಚಾಮರಾಜನಗರವೇ ಹತ್ತಿರ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲಾಗದಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಯಲ್ಲೂ ಹಲ್ಲಿನ ವಿಷಯ ಕೇಳಲು ಸಂಕೋಚ ಬೇಡ.

ಆ ಸೊಸೆ ಮಂಗಳವಾರ ಚಾಮರಾಜನಗರಕ್ಕೆ ಹೋದಳು. ಹಲ್ಲನ್ನು ಶುಚಿ ಮಾಡಿ, ಇಂಜೆಕ್ಷನ್ ಇಲ್ಲದೆ ಅದೇ ಕ್ಯಾಪನ್ನು ಕೂರಿಸಿದರು. ಬಸ್ಸಿನಲ್ಲಿ ಜೊತೆಗೆ ಹೋಗಿದ್ದವರು ಅತ್ತೆಯೇ. ಹೋದ ಕೆಲಸ ಮುಗಿದ ಮೇಲೆ ತಮ್ಮ ಅಲುಗಾಡುವ ಹಲ್ಲನ್ನೂ ತೋರಿಸಿಕೊಂಡು ಬಂದರಂತೆ.