ತಾಯಲೂರಿನಿಂದ ಕಡಲಿಗೆ: ಇಬ್ಬರು, ನಾಲ್ಕು ಸಾವಿರ ರೂಪಾಯಿ

‘ಜಿಂದಗಿ ನ ಮಿಲೇಗಿ ದೊಬಾರಾ’ ಸಿನಿಮಾ ನೋಡದ ಕಾಲೇಜು ಹುಡುಗ–ಹುಡುಗಿಯರು ಕಡಿಮೆ. 2011ರಲ್ಲಿ ಬಂದ ಆ ಸಿನಿಮಾದಲ್ಲಿ ಮೂವರು ಗೆಳೆಯರು ಸ್ಪೇನ್ ಸುತ್ತುತ್ತಾರೆ. ವೆಲೆನ್ಸಿಯಾ ಎಂಬ ಕಡಲತೀರದ ನಗರಕ್ಕೆ ಹತ್ತಿರದ ಬುನ್ಯೋಲ್ ಊರಿನ ಟೊಮೆಟೊ ಹಬ್ಬದಲ್ಲಿ ಮೈತುಂಬ ಹಣ್ಣಿನ ರಸ ಮೆತ್ತಿಕೊಂಡು ಕುಣಿಯುತ್ತಾರೆ. ಆ ಹಬ್ಬಕ್ಕೆ 2013ರಿಂದ ಟಿಕೆಟ್ ಬೇರೆ ಇಟ್ಟಿದ್ದಾರಂತೆ. ನಾವು ಮುಳಬಾಗಿಲು ತಾಲ್ಲೂಕು ತಾಯಲೂರಿನವರು. ರೇಟು ಬಿದ್ದ ದಿನ ನಮ್ಮ ಕಡೆ ರೈತರು ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಖಾಲಿ ಕ್ರೇಟು ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಅದನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ಈಗ ಸಿನಿಮಾದ ಜಾಗದಲ್ಲಿ ರೀಲ್ಸ್ ಬಂದಿವೆ. ಬೆನ್ನಿಗೊಂದು ಬ್ಯಾಗು ಹಾಕಿಕೊಂಡ ಹುಡುಗನೊಬ್ಬ ಬಾರ್ಸಿಲೋನಾ ಬೀಚಿನಲ್ಲಿ ನಿಂತು ‘ದಿನಕ್ಕೆ ಬರೀ 45 ಯೂರೊ ಸಾಕು ಗೈಸ್’ ಎನ್ನುತ್ತಿದ್ದ. ಗೆಳತಿ ಮೊಬೈಲ್‌ನಲ್ಲೇ ಲೆಕ್ಕ ಹಾಕಿದಳು. ಸುಮಾರು ನಾಲ್ಕು ಸಾವಿರ ರೂಪಾಯಿ! ‘ಇವನ ಒಂದು ದಿನದ ದುಡ್ಡಲ್ಲಿ ನಾವಿಬ್ಬರೂ ಸಮುದ್ರ ನೋಡ್ಕೊಂಡು ಬರಬಹುದು ಕಣೆ’ ಎಂದಳು. ಬರೀ ಮಾತಾಗಿ ಹೋಗಬಹುದಿತ್ತು. ಆದರೆ ಅವಳಿಗೆ ಜನವರಿ ಒಂದನೇ ತಾರೀಖು ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಬೇಕಿತ್ತು. ನಾನು ಡಿಗ್ರಿ ಮುಗಿಸಿ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯುತ್ತಿದ್ದೇನೆ. ಅವಳಿಗೆ ಷಿಫ್ಟು ಶುರುವಾದರೆ ಮತ್ತೆ ಇಬ್ಬರಿಗೂ ಒಟ್ಟಿಗೆ ಪುರುಸೊತ್ತು ಸಿಗುವುದು ಯಾವಾಗಲೋ. ಹೀಗೆ 2024ರ ಡಿಸೆಂಬರ್‌ನಲ್ಲಿ ಹೊರಟೆವು.

ಚೆನ್ನೈ ಹತ್ತಿರ, ಮಂಗಳೂರು ಅಗ್ಗ

ನಮ್ಮೂರಿಗೆ ಹತ್ತಿರದ ಸಮುದ್ರ ಚೆನ್ನೈನದು. ಮಂಗಳೂರು ಅದಕ್ಕಿಂತ ತುಂಬಾ ದೂರ. ಆದರೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಟಿಕೆಟ್ ರಾಜ್ಯದ ಗಡಿ ದಾಟುವುದಿಲ್ಲ. ಹಾಗಾಗಿ ದೂರದ ಕಡಲೇ ನಮಗೆ ಅಗ್ಗವಾಯಿತು. ಇನ್ನೊಂದು ಮಜಾ ಇದೆ. ಮುಳಬಾಗಿಲಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಇದೆಯಲ್ಲ, ಅದರ ಪಶ್ಚಿಮದ ತುದಿ ಇರುವುದು ಮಂಗಳೂರಿನ ಪಕ್ಕದ ಬಂಟ್ವಾಳದಲ್ಲಿ. ದಿನಾ ಕಾಲೇಜಿಗೆ ಹೋಗಿ ಬರುತ್ತಿದ್ದ ರಸ್ತೆಯನ್ನೇ ಹಿಡಿದು ಕೊನೆಯವರೆಗೂ ಹೋಗುವುದು ಎಂದುಕೊಂಡೆವು.

ಮನೆಯಲ್ಲಿ ಒಪ್ಪಿಸುವುದೇ ಕಷ್ಟದ ಪೇಪರ್. ‘ಇಬ್ಬರೇ ಹೆಣ್ಣುಮಕ್ಕಳು ಅಷ್ಟು ದೂರಾನಾ?’ ಎಂದು ಅಮ್ಮ ಶುರುಮಾಡಿದರು. ‘ನೀನು ಹೋದ ವರ್ಷ ಇದೇ ಫ್ರೀ ಬಸ್ಸಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರಲಿಲ್ವಾ? ಅಲ್ಲಿಂದ ಇನ್ನೆರಡು ಗಂಟೆ ಮುಂದಕ್ಕೆ, ಅಷ್ಟೇ’ ಎಂದೆ. ‘ನಾನು ದೇವರ ದರ್ಶನಕ್ಕೆ ಹೋಗಿದ್ದು’ ಎಂದರು. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ, ‘ಈ ವಯಸ್ಸಿಗೂ ನಾನು ಸಮುದ್ರ ನೋಡಿಲ್ಲ. ಅವಳಾದರೂ ನೋಡ್ಕೊಂಡು ಬರಲಿ ಬಿಡು’ ಎಂದಿತು. ಮನೆಯಲ್ಲಿ ಅಜ್ಜಿಯ ಮಾತಿಗೆ ಅಪೀಲು ಇಲ್ಲ.

ಒಂದು ಪರ್ಸು, ಎರಡು ನಿಯಮ

ಮಕ್ಕಳಿಗೆ ಟ್ಯೂಷನ್ ಹೇಳಿ ಉಳಿಸಿದ್ದರಲ್ಲಿ ನನಗೆ ಕೊಡಲು ಸಾಧ್ಯವಿದ್ದದ್ದು ಎರಡು ಸಾವಿರ. ಗೆಳತಿಯ ಕೈಯಲ್ಲಿ ಇನ್ನೂ ಹೆಚ್ಚಿತ್ತು. ‘ಉಳಿದಿದ್ದು ನಾನು ಹಾಕ್ತೀನಿ ಬಿಡೆ, ಮುಂದಿನ ತಿಂಗಳು ಸಂಬಳ ಬರುತ್ತಲ್ಲ’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಆದರೂ ಕೆಲಸ ಹುಡುಕುತ್ತಿರುವವರಿಗೆ ಗೊತ್ತು, ಇಂಥ ಮಾತು ಎಲ್ಲಿ ಚುಚ್ಚುತ್ತದೆ ಎಂದು. ಹೋಟೆಲಿನಲ್ಲಿ ಬಿಲ್ಲು ಬಂದಾಗಲೆಲ್ಲ ಮೊಬೈಲ್ ನೋಡುವಂತೆ ನಟಿಸುತ್ತಾ ಕೂರುವುದಕ್ಕಿಂತ ಹೋಗದಿರುವುದೇ ವಾಸಿ.

ಇದನ್ನು ಅವಳಿಗೆ ನೇರವಾಗಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಹಾಗಾದ್ರೆ ಲೆಕ್ಕ ಬರೆಯೋಣ’ ಎಂದಳು. ಎರಡು ನಿಯಮ ಮಾಡಿಕೊಂಡೆವು. ಒಂದು, ಇಬ್ಬರದೂ ಸಮ ಪಾಲು, ಯಾರ ಕೈಯಲ್ಲಿ ಕಡಿಮೆ ಇದೆಯೋ ಅವರ ಮೊತ್ತವೇ ಮಿತಿ. ಎರಡು, ಒಬ್ಬಳಿಗೆ ಮಾತ್ರ ಬೇಕೆನಿಸಿದ್ದನ್ನು ಅವಳು ಸ್ವಂತ ದುಡ್ಡಿನಲ್ಲಿ ಮಾಡಬಹುದು, ಇನ್ನೊಬ್ಬಳು ಮುಖ ಸಪ್ಪಗೆ ಮಾಡಬಾರದು. ನಾಲ್ಕು ಸಾವಿರವನ್ನು ಒಂದೇ ಪರ್ಸಿಗೆ ಹಾಕಿದೆವು. ಲೆಕ್ಕ ಬರೆಯುವ ಕೆಲಸ ನನಗೆ, ದುಡ್ಡು ಕೊಡುವ ಕೆಲಸ ಅವಳಿಗೆ.

ಶುಕ್ರವಾರ ಸಂಜೆ ಮುಳಬಾಗಿಲಿನಿಂದ ಬೆಂಗಳೂರಿಗೆ ಬಂದು, ಮೆಜೆಸ್ಟಿಕ್‌ನಲ್ಲಿ ಮಂಗಳೂರಿನ ಕೆಂಪು ಬಸ್ಸು ಹತ್ತಿದೆವು. ರಾತ್ರಿ ಊಟಕ್ಕೆ ಮನೆಯಿಂದ ತಂದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ರಾತ್ರಿ ಬಸ್ಸು ಹಿಡಿದರೆ ಒಂದು ರಾತ್ರಿಯ ರೂಮು ಬಾಡಿಗೆ ಉಳಿಯುತ್ತದೆ. ನೆಟ್ಟಗೆ ಕೂತು ನಿದ್ದೆ ಮಾಡುವ ವಿದ್ಯೆ ಮಾತ್ರ ಬೇಕು. ಶಿರಾಡಿ ಘಾಟಿಯ ತಿರುವುಗಳಲ್ಲಿ ಆ ವಿದ್ಯೆ ಕೈಕೊಟ್ಟಿತು.

ಗೈಡ್ ಪುಸ್ತಕದೊಳಗಿನ ಊರು

ಬೆಳಿಗ್ಗೆ ಬಿಜೈ ಬಸ್ ನಿಲ್ದಾಣದಲ್ಲಿ ಇಳಿದಾಗ ಡಿಸೆಂಬರ್‌ನಲ್ಲೂ ಬೆವರು. ಸ್ವೆಟರ್ ಬಿಚ್ಚಿ ಬ್ಯಾಗಿಗೆ ತುರುಕಿದೆವು. ನಾವು ಹೋದ ಮೊದಲ ಲಾಡ್ಜಿನಲ್ಲಿ, ‘ಜೊತೆಯಲ್ಲಿ ಗಂಡಸರು ಯಾರೂ ಇಲ್ವಾ?’ ಎಂದು ಕೇಳಿ ರೂಮು ಖಾಲಿ ಇಲ್ಲ ಎಂದರು. ಎರಡನೆಯದರಲ್ಲಿ ಕೌಂಟರಿನಲ್ಲಿದ್ದವರು ಇಬ್ಬರ ಆಧಾರ್ ನೋಡಿ, ಮನೆಯ ಫೋನ್ ನಂಬರ್ ಬರೆದುಕೊಂಡು, 900 ರೂಪಾಯಿಗೆ ಬೀಗದ ಕೈ ಕೊಟ್ಟರು. ಫ್ಯಾನು, ಎರಡು ಮಂಚ, ಬಿಸಿನೀರು. ಇನ್ನೇನು ಬೇಕು?

ನನ್ನಂಥ ಪರೀಕ್ಷಾರ್ಥಿಗೆ ಮಂಗಳೂರು ಎಂದರೆ ಸಾಮಾನ್ಯ ಜ್ಞಾನದ ಪುಸ್ತಕದ ನಾಲ್ಕೈದು ಸಾಲು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’, 1843, ಹರ್ಮನ್ ಮೊಗ್ಲಿಂಗ್. ಕಿಟೆಲ್ ಅವರ ನಿಘಂಟು, 1894. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ, 1865. ಇವನ್ನೆಲ್ಲ ಎಷ್ಟು ಸಲ ಉರು ಹೊಡೆದಿದ್ದೇನೋ. ಬಲ್ಮಠದ ಏರುದಾರಿಯಲ್ಲಿ ನಡೆಯುತ್ತಾ, ಜರ್ಮನಿಯಿಂದ ಬಂದವರೊಬ್ಬರು ಈ ಸೆಖೆಯಲ್ಲಿ ಕೂತು ಕನ್ನಡದಲ್ಲಿ ಪತ್ರಿಕೆ ತಂದರಲ್ಲ ಎಂದುಕೊಂಡಾಗ, ಅದು ಮೊದಲ ಬಾರಿಗೆ ಒಂದು ಅಂಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ ಕ್ರಿ.ಶ. 968ರದು. ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳ ತುಂಬ ಇಟಲಿಯ ಆಂಟೋನಿಯೊ ಮೊಶೇನಿ ಬರೆದ ಚಿತ್ರಗಳು. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋವು ಬಂತು. ‘ಯುರೋಪಿಗೆ ಹೋಗೋ ಖರ್ಚು ಉಳೀತು’ ಎಂದಳು ಗೆಳತಿ.

ಹೊಟ್ಟೆಗೆ ಬನ್ಸ್, ಗೋಳಿಬಜೆ, ಮಧ್ಯಾಹ್ನ ಕುಚಲಕ್ಕಿ ಊಟದ ಜೊತೆ ಬಂಗುಡೆ ಸಾರು. ಮುಳಬಾಗಿಲು ದೋಸೆಯ ತುಪ್ಪ, ಖಾರದ ಚಟ್ನಿಗೆ ಒಗ್ಗಿದ ನಮ್ಮ ನಾಲಿಗೆಗೆ ನೀರ್‌ದೋಸೆ ಮೊದಲಿಗೆ ಸಪ್ಪೆ ಎನಿಸಿತು. ನಾಲ್ಕನೆಯದನ್ನು ತಿನ್ನುವ ಹೊತ್ತಿಗೆ ಅಭಿಪ್ರಾಯ ಬದಲಾಗಿತ್ತು.

ಸಂಜೆ ಸುಲ್ತಾನ್ ಬತ್ತೇರಿಗೆ ಹೋದೆವು. ಟಿಪ್ಪು ಸುಲ್ತಾನ್ ಕಾಲದ ಕಪ್ಪು ಕಲ್ಲಿನ ಕಾವಲು ಗೋಪುರ. ಟಿಪ್ಪುವಿನ ತಂದೆ ಹೈದರಾಲಿ ಹುಟ್ಟಿದ್ದು ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ‘ನಮ್ಮೋರು ಆಗಲೇ ಇಲ್ಲಿಗೆ ಬಂದು ಹೋಗಿದ್ದಾರೆ’ ಎಂದು ನಗುತ್ತಾ, ಪಕ್ಕದಿಂದ ದೋಣಿ ಹತ್ತಿ ಫಲ್ಗುಣಿ ನದಿ ದಾಟಿದೆವು. ಆಚೆ ದಡದಲ್ಲಿ ಗಾಳಿಮರಗಳ ನಡುವೆ ಸ್ವಲ್ಪ ನಡೆದರೆ ತಣ್ಣೀರುಬಾವಿ ಬೀಚು.

ಸಮುದ್ರ ಮೊದಲು ಕಿವಿಗೆ ಬಂತು, ಆಮೇಲೆ ಕಣ್ಣಿಗೆ. ನಮ್ಮ ಕಡೆ ಎತ್ತ ನೋಡಿದರೂ ಒಂದು ಬಂಡೆಯ ಗುಡ್ಡ ಅಡ್ಡ ಬರುತ್ತದೆ. ಇಲ್ಲಿ ಅಡ್ಡ ಏನೂ ಇರಲಿಲ್ಲ. ಇಬ್ಬರೂ ಮಾತಾಡಲಿಲ್ಲ, ಫೋಟೊ ತೆಗೆಯುವುದೂ ಮರೆತುಹೋಯಿತು. ಅಜ್ಜಿಗೆ ವಿಡಿಯೊ ಕಾಲ್ ಮಾಡಿದೆ. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ನೋಡಿ, ‘ಅಷ್ಟೂ ಉಪ್ಪುನೀರೇನಾ? ಅಯ್ಯೋ ಪಾಪ’ ಎಂದಿತು. ಒಂದು ಬಿಂದಿಗೆ ಸಿಹಿನೀರಿಗಾಗಿ ಆಯಸ್ಸೆಲ್ಲ ನಡೆದವರಿಗೆ ಬೇರೆ ಇನ್ನೇನು ಅನ್ನಿಸಬೇಕು?

ನೇತ್ರಾವತಿಯ ಮೇಲೆ ಒಂದು ಮಾತು

ಭಾನುವಾರ ಬೆಳಿಗ್ಗೆ ಬ್ಯಾಗನ್ನು ಲಾಡ್ಜಿನ ಕೌಂಟರಿನಲ್ಲೇ ಇಟ್ಟು ಪಣಂಬೂರಿಗೆ ಹೋದೆವು. ಗೆಳತಿಗೆ ಸ್ಪೀಡ್ ಬೋಟಿನಲ್ಲಿ ಕೂರುವ ಆಸೆ. ನನ್ನ ಮುಖ ನೋಡಿದಳು. ‘ಎರಡನೇ ನಿಯಮ’ ಎಂದೆ. ಸ್ವಂತ ದುಡ್ಡು ಕೊಟ್ಟು ಹೋದಳು. ಅವಳ ಚಪ್ಪಲಿ, ಫೋನು ಹಿಡಿದು ದಡದಲ್ಲಿ ನಿಂತ ನನಗೆ, ಅವಳು ಕಿರುಚುವುದನ್ನು ನೋಡಿಯೇ ಹೊಟ್ಟೆ ಹುಣ್ಣಾಗುವಷ್ಟು ನಗು. ನಿಯಮ ಮೊದಲೇ ಮಾತಾಡಿಕೊಂಡಿದ್ದರಿಂದ ಅವಳಿಗೆ ಸಂಕೋಚ ಇರಲಿಲ್ಲ, ನನಗೆ ಬೇಜಾರೂ ಇರಲಿಲ್ಲ.

ಮಧ್ಯಾಹ್ನ ಸ್ಟೇಟ್‌ಬ್ಯಾಂಕ್ ಸ್ಟಾಂಡಿನಿಂದ ಸೋಮೇಶ್ವರದ ಕಡೆ ಬಸ್ಸು ಹತ್ತಿದೆವು. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿಯವು, ಆಧಾರ್ ತೋರಿಸಿದರೆ ಕಂಡಕ್ಟರ್ ನಗುತ್ತಾರೆ. ನೇತ್ರಾವತಿ ಸೇತುವೆ ಬಂದಾಗ ಗೆಳತಿ ಕಿಟಕಿಗೆ ಮುಖ ಒತ್ತಿ, ‘ಇಷ್ಟು ನೀರಾ!’ ಎಂದು ಜೋರಾಗಿಯೇ ಅಂದುಬಿಟ್ಟಳು. ಪಕ್ಕದಲ್ಲಿ ಮೀನಿನ ಖಾಲಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ತಿರುಗಿ, ‘ಯಾವ ಊರು ನಿಮ್ಮದು?’ ಎಂದು ಕೇಳಿದರು.

‘ಕೋಲಾರ ಕಡೆ ಅಕ್ಕ.’

‘ಓ, ಎತ್ತಿನಹೊಳೆ ನೀರು ಹೋಗುವುದು ಅಲ್ಲಿಗಾ? ಅದು ಬೇಡ ಅಂತ ಇಲ್ಲಿ ಎಷ್ಟು ಪ್ರತಿಭಟನೆ ಆಗಿದೆ ಗೊತ್ತುಂಟಾ?’

ಬಸ್ಸಿನಲ್ಲಿ ಒಂದು ಕ್ಷಣ ನಾವಿಬ್ಬರೂ ಏನೋ ಕದ್ದವರಂತಾದೆವು. ಎತ್ತಿನಹೊಳೆ ನೇತ್ರಾವತಿಗೆ ನೀರು ತರುವ ಹೊಳೆಗಳಲ್ಲೊಂದು. ಅಲ್ಲಿನ ನೀರನ್ನು ಮೇಲೆತ್ತಿ ಬಯಲುಸೀಮೆಗೆ ತರುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರಂದು. ನಮ್ಮ ಜಿಲ್ಲೆಗೆ ಅದು ಆಗ ಇನ್ನೂ ಬಂದಿರಲಿಲ್ಲ. ಗೆಳತಿ ಮೆಲ್ಲಗೆ, ‘ಅಕ್ಕ, ನಮ್ಮಪ್ಪ ಕೊರೆಸಿದ ಕೊನೇ ಬೋರ್‌ವೆಲ್ 1,400 ಅಡಿ. ಅದರಲ್ಲೂ ಧೂಳೇ ಬಂತು’ ಎಂದಳು.

‘ಸಾವಿರದ ನಾನೂರಾ? ದೇವರೇ!’ ಎಂದವರು ಸ್ವಲ್ಪ ಹೊತ್ತು ಬಿಟ್ಟು, ‘ನಮಗೂ ಬೇಸಗೆಯಲ್ಲಿ ಕಷ್ಟ ಮಾರಾಯ್ತಿ. ಒಂದು ವರ್ಷ ದಿನ ಬಿಟ್ಟು ದಿನ ನೀರು’ ಎಂದರು.

ಆಮೇಲೆ ಹುಡುಕಿ ನೋಡಿದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ಪಾಳಿಯಲ್ಲಿ ನೀರು ಬಿಟ್ಟದ್ದು ನಿಜ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೂ ಬೇಸಿಗೆಯಲ್ಲಿ ನೀರಿನ ಚಿಂತೆ, ಅದರ ಕಾಲು ಭಾಗವೂ ಮಳೆ ಕಾಣದ ನಮಗೂ ಚಿಂತೆ. ಯಾರು ಸರಿ ಎಂದು ಆ ಬಸ್ಸಿನಲ್ಲಿ ತೀರ್ಮಾನವಾಗಲಿಲ್ಲ. ಆದರೆ ಇಳಿಯುವಾಗ ಆ ಅಕ್ಕ, ‘ಸೋಮೇಶ್ವರದಲ್ಲಿ ನೀರಿಗೆ ಇಳಿಯಬೇಡಿ, ಅಲೆ ಜೋರುಂಟು’ ಎಂದು ಎರಡು ಸಲ ಹೇಳಿದರು. ಕ್ಯಾಬಿನಲ್ಲಿ ಹೋಗಿದ್ದರೆ ಈ ಮಾತು ಸಿಗುತ್ತಿರಲಿಲ್ಲ. ದುಡ್ಡು ಕಡಿಮೆ ಇದ್ದದ್ದರಿಂದಲೇ ನಾವು ಊರಿನವರ ಪಕ್ಕದ ಸೀಟಿನಲ್ಲಿ ಕೂತೆವು.

ಅಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಹೊರಗೆ ಕನ್ನಡ. ನಮ್ಮಲ್ಲಿ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ರಾಜ್ಯದ ಎರಡು ಅಂಚಿನವರು ನಡುವಿನ ಭಾಷೆಯಲ್ಲಿ ನೀರಿನ ಬಗ್ಗೆ ಮಾತಾಡಿದೆವು. ಅಷ್ಟಾದರೂ ಆಯಿತು.

ಲೆಕ್ಕದ ಪುಸ್ತಕ

ಕೆಎಸ್ಸಾರ್ಟಿಸಿ ಬಸ್ಸು: 0. ರೂಮು: 900. ಊಟ, ತಿಂಡಿ, ಚಹಾ: 1,180. ಸಿಟಿ ಬಸ್ಸು, ದೋಣಿ, ಒಂದು ಸಲ ಆಟೊ: 420. ಗಡ್‌ಬಡ್ ಐಸ್‌ಕ್ರೀಮ್ ಎರಡು: 260. ಮನೆಗಳಿಗೆ ಹಲಸಿನ ಹಪ್ಪಳ: 240. ಒಟ್ಟು 3,000. ಪರ್ಸಿನಲ್ಲಿ ಸಾವಿರ ಉಳಿದಿತ್ತು, ಐನೂರು ಐನೂರು ಹಂಚಿಕೊಂಡೆವು. ನನ್ನ ಪಾಲು ಮುಂದಿನ ಪರೀಕ್ಷೆಯ ಅರ್ಜಿ ಶುಲ್ಕಕ್ಕೆ ಹೋಯಿತು.

ವಾಪಸು ಬಸ್ಸಿನಲ್ಲಿ ಗೆಳತಿ, ‘ಸಂಬಳ ಬಂದ ಮೇಲೂ ಇದೇ ಲೆಕ್ಕ ಇರಲಿ ಕಣೆ’ ಎಂದಳು. ಆ ಒಂದು ಮಾತಿಗಾಗಿಯಾದರೂ ಹೋಗಿದ್ದು ಸಾರ್ಥಕ. ಒಬ್ಬರಿಗೆ ಕೆಲಸ ಸಿಕ್ಕಿ ಇನ್ನೊಬ್ಬರಿಗೆ ಸಿಗದೆ ಹೋದಾಗ ಎಷ್ಟೋ ಸ್ನೇಹಗಳು ಜಗಳವಿಲ್ಲದೆಯೇ ತಣ್ಣಗಾಗುತ್ತವೆ. ಕರೆಯಲು ಅವರಿಗೆ ಮುಜುಗರ, ಬರಲು ಇವರಿಗೆ ಮುಜುಗರ. ದುಡ್ಡಿನ ಮಾತನ್ನು ಬಾಯಿಬಿಟ್ಟು ಆಡಿಕೊಂಡರೆ ಅರ್ಧ ಮುಜುಗರ ಅಲ್ಲೇ ಹೋಗುತ್ತದೆ.

ನೀವೂ ಹೊರಡುವುದಾದರೆ

- ಉಚಿತ ಪ್ರಯಾಣ ಸಾರಿಗೆ ಸಂಸ್ಥೆಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಮಾತ್ರ. ರಾಜಹಂಸ, ಐರಾವತಗಳಲ್ಲಿ ಇಲ್ಲ. ಗುರುತಿನ ಚೀಟಿ ಕೈಗೆ ಸಿಗುವಂತಿರಲಿ.
- ಹುಡುಗರಿಗೆ ಶೂನ್ಯ ಟಿಕೆಟ್ ಇಲ್ಲ. ರೈಲಿನ ಜನರಲ್ ಬೋಗಿ ನೋಡಿ. ಹಗಲಿನ ರೈಲು ಸಿಕ್ಕರೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಸುರಂಗ, ಸೇತುವೆಗಳು ಪುಕ್ಕಟೆ.
- ಹುಡುಗಿಯರು ರೂಮಿಗೆ ಮೊದಲೇ ಫೋನ್ ಮಾಡಿ, ‘ಇಬ್ಬರೇ ಬರುತ್ತೇವೆ’ ಎಂದು ತಿಳಿಸಿ. ಹಗಲು ಹೊತ್ತಿಗೆ ಊರು ತಲುಪುವಂತೆ ಹೊರಡಿ.
- ಮಳೆಗಾಲದಲ್ಲಿ ಕಡಲು ದೂರದಿಂದಲೇ ಚೆಂದ. ಕೆಂಪು ಬಾವುಟ ಕಂಡರೆ, ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡಬೇಡಿ.
- ಮುಖ್ಯವಾಗಿ, ಟಿಕೆಟ್ಟಿಗಿಂತ ಮೊದಲು ಜೊತೆಗೆ ಬರುವವರ ಹತ್ತಿರ ದುಡ್ಡಿನ ಮಾತು ಮುಗಿಸಿ. ಯಾರ ಜೇಬು ತೆಳುವೋ ಅವರು ಹೇಳಿದ್ದೇ ಬಜೆಟ್.