ಫಿಸಿಕ್ಸ್ ಮೇಷ್ಟ್ರಿಗೆ ಯಾವ ಪದವಿ?

ಮೊದಲು ಬಿ.ಎಸ್ಸಿ., ಆಮೇಲೆ ಬಿ.ಇಡಿ., ಕೈಗೂಡಿದರೆ ಎಂ.ಎಸ್ಸಿ. ನಮ್ಮಲ್ಲಿ ಫಿಸಿಕ್ಸ್ ಮೇಷ್ಟ್ರಾಗುವವರು ಹಿಡಿಯುವ ದಾರಿ ಬಹುತೇಕ ಇದೇ. ವಿಷಯ ಒಂದು ಕಾಲೇಜಿನಲ್ಲಿ, ಕಲಿಸುವ ಬಗೆ ಇನ್ನೊಂದರಲ್ಲಿ. ಎರಡೂ ಕಡೆಯ ಅಧ್ಯಾಪಕರು ಒಬ್ಬರ ಮುಖ ಇನ್ನೊಬ್ಬರು ನೋಡಿರುವುದೇ ಅಪರೂಪ. ಈ ಎರಡನ್ನೂ ಒಂದೇ ಸೂರಿನಡಿ ತರುವ ಪ್ರಯತ್ನ ಮೈಸೂರಿನಲ್ಲಿ 1963ರಲ್ಲೇ ಶುರುವಾಗಿತ್ತು. ಇಂದು ಎಲ್ಲರ ಬಾಯಲ್ಲಿ ಆರ್‌ಐಇ ಆಗಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಹುಟ್ಟಿದ್ದು ಹಾಗೆ.

ಅದು ಹುಟ್ಟಿದ್ದು ಫಿಸಿಕ್ಸಿಗಾಗಿ ಏನಲ್ಲ. 1952ರಲ್ಲಿ ನೇಮಕವಾದ ಮುದಲಿಯಾರ್ ಆಯೋಗ ಬಹೂದ್ದೇಶ ಪ್ರೌಢಶಾಲೆಗಳು ಬೇಕೆಂದಿತು. ಕೃಷಿ, ವಾಣಿಜ್ಯ, ತಾಂತ್ರಿಕ ವಿಷಯಗಳನ್ನೂ ಹೇಳಿಕೊಡುವ ಶಾಲೆಗಳು. ಅವನ್ನು ಕಲಿಸಲು ಮೇಷ್ಟ್ರುಗಳೆಲ್ಲಿ? 1961ರಲ್ಲಿ ಸ್ಥಾಪನೆಯಾದ ಎನ್‌ಸಿಇಆರ್‌ಟಿಯ ಕೈಕೆಳಗೆ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಕಾಲೇಜುಗಳು ಎದ್ದವು. ಸಲಹೆಗೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಬಂದರು. ಬಹೂದ್ದೇಶ ಶಾಲೆಗಳು ನಮ್ಮಲ್ಲಿ ಬೇರೂರಲಿಲ್ಲ. ಅವನ್ನು ನಂಬಿದ್ದ ಕೋರ್ಸುಗಳೂ ಕಾಲಕ್ರಮೇಣ ನಿಂತವು. ಮುಖ್ಯ ಬೆಳೆ ಕೈಕೊಟ್ಟು ಅಕ್ಕಡಿ ಬೆಳೆ ಉಳಿದ ಹಾಗೆ, ಉಳಿದದ್ದು ವಿಜ್ಞಾನ ಶಿಕ್ಷಕರ ನಾಲ್ಕು ವರ್ಷದ ಪದವಿ. ಅದರ ಮೇಲೆ ವಿಷಯವನ್ನೂ ಬೋಧನೆಯನ್ನೂ ಸೇರಿಸಿದ ಎರಡು ವರ್ಷದ ಎಂ.ಎಸ್ಸಿ.ಇಡಿ. ಬಂತು.

ಈ ಕಾಲೇಜುಗಳು ಶುರುವಾದ ಹೊತ್ತಿನಲ್ಲೇ, 1964-66ರ ಶಿಕ್ಷಣ ಆಯೋಗವೂ ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದಿಂದಲೂ ಶಾಲೆಯಿಂದಲೂ ದೂರವಾಗಿ ಒಂಟಿಯಾಗಿದೆ ಎಂದು ಗೊಣಗಿತು. ಅದರ ಅಧ್ಯಕ್ಷ ಡಿ.ಎಸ್. ಕೊಠಾರಿ ಸ್ವತಃ ಭೌತವಿಜ್ಞಾನಿ.

ವಿಷಯ ಮತ್ತು ಬೋಧನೆ ಒಟ್ಟಿಗಿದ್ದರೆ ಬರುವ ಲಾಭವೇನು? ಒಂದು ಸೆಲ್, ಒಂದು ಟಾರ್ಚ್ ಬಲ್ಬು, ಒಂದೇ ತುಂಡು ತಂತಿ ಕೊಟ್ಟು ಬಲ್ಬು ಉರಿಸಲು ಹೇಳಿ ನೋಡಿ. ಓಮ್‌ನ ನಿಯಮದ ಲೆಕ್ಕ ಪಟಪಟ ಬಿಡಿಸುವವರೂ ತಂತಿಯನ್ನು ಬಲ್ಬಿನ ಬುಡಕ್ಕೆ ತಾಗಿಸಿ ಸುಮ್ಮನಾಗುವುದುಂಟು. ಬುಡದ ತುದಿ ಸೆಲ್‌ನ ಒಂದು ಧ್ರುವಕ್ಕೆ, ಪಕ್ಕದ ಲೋಹದ ಕವಚ ತಂತಿಯ ಮೂಲಕ ಇನ್ನೊಂದು ಧ್ರುವಕ್ಕೆ ಸೇರಬೇಕು. ಅದಾದ ಮೇಲೂ, ಬಲ್ಬು ಕರೆಂಟನ್ನು ‘ತಿಂದುಬಿಡುತ್ತದೆ’ ಎಂಬ ನಂಬಿಕೆ ಮಕ್ಕಳಲ್ಲಿ ಉಳಿದೇ ಇರುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು ಇಂಥ ಎಡವಟ್ಟುಗಳನ್ನೇ ದಶಕಗಳ ಕಾಲ ಕೆದಕಿದರು, ಅದೂ ಫಿಸಿಕ್ಸ್ ವಿಭಾಗದೊಳಗೇ ಕೂತು. ಯಾವ ಮಗು ಎಲ್ಲಿ ಎಡವುತ್ತದೆ ಎಂಬುದು ಬರೀ ಬಿ.ಇಡಿ.ಯ ಲೆಸನ್ ಪ್ಲಾನ್‌ನಿಂದಲೂ ಗೊತ್ತಾಗದು, ಬರೀ ಕ್ವಾಂಟಂ ಮೆಕ್ಯಾನಿಕ್ಸಿನಿಂದಲೂ ಗೊತ್ತಾಗದು.

ಇನ್ನು ವರ್ಷಗಳ ಲೆಕ್ಕ. ಬಿ.ಇಡಿ. ಒಂದು ವರ್ಷದ್ದಾಗಿದ್ದಾಗ ಪದವಿ, ಎಂ.ಎಸ್ಸಿ. ಎಲ್ಲ ಸೇರಿ ಆರು ವರ್ಷ. 2015ರಿಂದ ಬಿ.ಇಡಿ. ಎರಡು ವರ್ಷವಾಗಿ ಅದು ಏಳಕ್ಕೇರಿತು. ಮೈಸೂರಿನ ಆರು ವರ್ಷದ ಸಂಯೋಜಿತ ಎಂ.ಎಸ್ಸಿ.ಇಡಿ.ಯ ಬೆಲೆ ಆಗ ಗೊತ್ತಾಯಿತು. 2020ರ ಶಿಕ್ಷಣ ನೀತಿ ನಾಲ್ಕು ವರ್ಷದ ಸಂಯೋಜಿತ ಪದವಿಯನ್ನೇ ಇಡೀ ದೇಶಕ್ಕೆ ಮಾದರಿ ಮಾಡಿದೆ, ಜೊತೆಗೆ ಎಂ.ಎಸ್ಸಿ. ಆದವರಿಗೆ ಒಂದು ವರ್ಷದ ಬಿ.ಇಡಿ.ಯನ್ನೂ ಹೇಳಿದೆ. ಅರವತ್ತು ವರ್ಷ ತಡವಾಗಿ, ಎನ್ನೋಣ.

ಎಂ.ಇಡಿ. ಮಾಡಿದರೆ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಬಹುದೆಂದು ನಂಬಿದವರು ಈಗಲೂ ಸಿಗುತ್ತಾರೆ. ಅದು ಶಿಕ್ಷಣಶಾಸ್ತ್ರದ ಪದವಿ; ಅಲ್ಲಿ ಫಿಸಿಕ್ಸ್ ಇಲ್ಲ. ಕೇಂದ್ರೀಯ ವಿದ್ಯಾಲಯಗಳ ಪಿಜಿಟಿ (ಸ್ನಾತಕೋತ್ತರ ಶಿಕ್ಷಕರ) ನೇಮಕದ ಅರ್ಹತೆಯಲ್ಲಿ ಎಂ.ಎಸ್ಸಿ.ಯ ಜೊತೆಗೇ ಪ್ರಾದೇಶಿಕ ಕಾಲೇಜಿನ ಎರಡು ವರ್ಷದ ಸಂಯೋಜಿತ ಎಂ.ಎಸ್ಸಿ.ಯ ಹೆಸರೂ ಬಿಡಿಯಾಗಿ ಬರುತ್ತದೆ. ಮೈಸೂರು ಬಿಟ್ಟು ಬೇರೆಡೆ ಸೇರುವವರು ಫೀಸು, ಹಾಸ್ಟೆಲು ವಿಚಾರಿಸುವಾಗ ಇನ್ನೊಂದನ್ನೂ ಕೇಳಬೇಕು: ನೀವು ಶಾಲೆಯಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಬರೆಯುವವರು ಫಿಸಿಕ್ಸ್ ಓದಿದವರೋ, ಅಲ್ಲವೋ?