ಟೈಲ್ಸ್ ಹಾಕುವವರ ಮಂಡಿ ನೋಡಿದ್ದೀರಾ?

ಮನೆಗೆ ಹೊಸ ಟೈಲ್ಸ್ ಹಾಕಿಸುವಾಗ ನಮ್ಮ ಕಣ್ಣೆಲ್ಲ ನೆಲದ ಮೇಲೇ. ಬಣ್ಣ ಹೊಂದುತ್ತಾ, ಗೆರೆ ನೇರವಾಗಿದೆಯಾ, ನೀರು ಮೋರಿ ಕಡೆ ಹರಿಯುತ್ತಾ... ಹಾಕುವವರ ಮಂಡಿ ಎಂದಾದರೂ ನೋಡಿದ್ದೀರಾ? ನಮ್ಮ ಅಡುಗೆಮನೆಯ ನೆಲ ಬದಲಾಯಿಸಿದಾಗ ಮೇಸ್ತ್ರಿಗೆ ಕಾಫಿ ಕೊಡಲು ಹೋದೆ. ಪಾಪ, ಗೋಡೆ ಹಿಡಿದುಕೊಂಡು ಎದ್ದರು. ಮಂಡಿಚಿಪ್ಪಿನ ಮೇಲೆ ನಿಂಬೆಹಣ್ಣಿನಷ್ಟು ಊತ! "ಇದು ಇದ್ದದ್ದೇ ಅಮ್ಮ, ರಾತ್ರಿ ಎಣ್ಣೆ ತಿಕ್ಕಿದ್ರೆ ಸರಿಹೋಗುತ್ತೆ" ಅಂದರು.

ಹಾಗೆ ಸರಿಹೋಗುವಂಥದ್ದಲ್ಲ ಅದು. ಮಂಡಿಚಿಪ್ಪಿನ ಮುಂದೆ, ಚರ್ಮದಡಿಯಲ್ಲಿ ತೆಳುವಾದ ಪುಟ್ಟ ಚೀಲವೊಂದಿದೆ. ದಿನವಿಡೀ ಗಟ್ಟಿ ನೆಲದ ಮೇಲೆ ಮಂಡಿಯೂರಿದರೆ ಅದರಲ್ಲಿ ದ್ರವ ತುಂಬಿ ಊದಿಕೊಳ್ಳುತ್ತದೆ. ವೈದ್ಯರು ಇದನ್ನು ಬರ್ಸೈಟಿಸ್ ಅನ್ನುತ್ತಾರೆ. (ಮಂಡಿಯೂರಿ ನೆಲ ಒರೆಸುವವರನ್ನೂ ಕಾಡುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ 'ಮನೆಗೆಲಸದವಳ ಮಂಡಿ' ಅಂತಲೇ ಹೆಸರು!) ಊತ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಸೋಂಕು ತಗುಲಿರಬಹುದು. ತಡಮಾಡದೆ ಆಸ್ಪತ್ರೆಗೆ ಕಳಿಸಿ.

ಹಸಿ ಸಿಮೆಂಟಿನ ಕಾಟ ಇನ್ನೊಂದು. ಅದು ಸುಣ್ಣದ ಹಾಗೆ ಚರ್ಮ ಸುಡುತ್ತದೆ. ಪ್ಯಾಂಟಿನ ಮಂಡಿ ಭಾಗ ಸಿಮೆಂಟ್ ನೀರಿನಲ್ಲಿ ನೆನೆದರೂ ಮೊದಮೊದಲು ಉರಿಯೇ ಗೊತ್ತಾಗದಿರಬಹುದು. ಕೆಲವು ಗಂಟೆ ಕಳೆದು ನೋಡಿದರೆ ಬೊಬ್ಬೆ ಎದ್ದಿರುತ್ತದೆ. ಆ ಬಟ್ಟೆ ಕೂಡಲೇ ಬಿಚ್ಚಿ, ಧಾರಾಳವಾಗಿ ನೀರು ಹಾಕಿ ತುಂಬಾ ಹೊತ್ತು ತೊಳೆಯಬೇಕು. ಅಂಥ ಹೊತ್ತಿನಲ್ಲಿ ನಿಮ್ಮ ಬಚ್ಚಲುಮನೆ ಬಿಟ್ಟುಕೊಡಿ, ಹಳೆಯ ಲುಂಗಿಯೊಂದನ್ನು ಕೊಡಿ. ಮಡಿ, ಮೈಲಿಗೆ ಆಮೇಲೆ ನೋಡಿಕೊಳ್ಳೋಣ. ಚರ್ಮ ಸುಟ್ಟಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ನೀ ಪ್ಯಾಡ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಕೂಲಿ ಮಾತಾಡುವಾಗಲೇ ಕಾಂಟ್ರಾಕ್ಟರ್ ಹತ್ತಿರ ಕೇಳಿ. ಹೊರಗೆ ರಬ್ಬರ್, ಒಳಗೆ ದಪ್ಪ ಫೋಮ್ ಇರುವಂಥದ್ದು, ಪಟ್ಟಿ ಅಗಲವಾಗಿರುವಂಥದ್ದು ಒಳ್ಳೆಯದು. ಆಟಗಾರರ ಬಟ್ಟೆಯ ಪ್ಯಾಡ್ ಬೇಡ, ಸಿಮೆಂಟ್ ನೀರು ಹೀರಿಕೊಳ್ಳುತ್ತದೆ. ಗೋಣಿಚೀಲವೂ ಅಷ್ಟೇ. ಪಟ್ಟಿ ಬಿಗಿಯಾದರೆ ಮಂಡಿಯ ಹಿಂಭಾಗ ಒತ್ತಿ, ಪ್ಯಾಡ್ ಮೂಲೆ ಸೇರುತ್ತದೆ! ಪ್ಯಾಡ್ ಸಿಗದಿದ್ದರೆ ಹಳೆಯ ಹಾಸಿಗೆಯ ಗಟ್ಟಿ ಫೋಮ್ ಕತ್ತರಿಸಿ, ಪ್ಲಾಸ್ಟಿಕ್ ಸುತ್ತಿ ಕೊಟ್ಟರೂ ಆದೀತು. ಜಲ್ಲಿ, ಟೈಲ್ಸ್ ಚೂರು ಮೊದಲೇ ಗುಡಿಸಿರಲಿ.

ಪ್ಯಾಡ್ ಇದೆ ಅಂತ ಇಡೀ ದಿನ ಮಂಡಿಯೂರುವುದೂ ತಪ್ಪು. ಕುಕ್ಕರಗಾಲಿನಲ್ಲಿ ಕೂತರೆ ವಿಶ್ರಾಂತಿ ಅಂದುಕೊಳ್ಳಬೇಡಿ, ಮಂಡಿಯ ಮೇಲೆ ಆಗಲೂ ಭಾರ ಬೀಳುತ್ತದೆ. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಲಿ. ಟೈಲ್ಸ್ ಕತ್ತರಿಸುವುದಕ್ಕೆ ಗಟ್ಟಿಯಾದ ಮೇಜು ಕೊಟ್ಟರೆ ಅಷ್ಟು ಕೆಲಸ ನಿಂತೇ ಆಗುತ್ತದೆ. ನಾವೂ "ಇವತ್ತೇ ಮುಗಿಸಿ" ಅಂತ ತಲೆ ಮೇಲೆ ಕೂರದಿದ್ದರಾಯಿತು.

ನಮ್ಮ ಮೇಸ್ತ್ರಿ ಪ್ಯಾಡ್ ಕಟ್ಟಿಕೊಂಡು, "ಕ್ರಿಕೆಟ್ ಆಡೋಕೆ ಹೊರಟಂಗೈತೆ" ಅಂತ ನಕ್ಕರು. ಮೂರನೇ ದಿನ ಅವರ ಜೊತೆಯ ಹುಡುಗ ಮೆಲ್ಲಗೆ ಕೇಳಿದ, "ಅಕ್ಕಾ, ನಂಗೂ ಒಂದ್ ಜೊತೆ ಸಿಗುತ್ತಾ?"